ಕಾರವಾರದ ಬಸ್ಸಿಗೆ ಕೊಟ್ಟ ಅರ್ಧ ಹೂದಾನಿ

ಶಿರಸಿ
ಸೋಮವಾರ ರಾತ್ರಿ

ಕೂಸೆ,

ಆಶೀರ್ವಾದ. ನಿನ್ನ ಪತ್ರ ಶುಕ್ರವಾರ ಬಂತು. ಹೊಸ ಮನೆ, ಕೆಲಸ, ನಿನ್ನ ಆಯಿಯ ಮೊಣಕಾಲು, ಎಲ್ಲ ಓದಿದೆ. ಅದಕ್ಕೆಲ್ಲ ನಿನ್ನ ಅತ್ತೆ ಬೇರೆ ಬರೆಯುತ್ತಾಳಂತೆ. ನನ್ನ ತಲೆಯಲ್ಲಿ ಕೂತದ್ದು ಮೂರನೇ ಪುಟದ ಕೊನೆಯಲ್ಲಿ, ಮರ ತಿರುಗಿಸುವ ಲೇತ್ ಯಂತ್ರದಲ್ಲಿ ಮರದ ಹೂದಾನಿ ಕಡೆಯುವ ಬಗ್ಗೆ ನೀನು ಬರೆದ ಸಾಲುಗಳು. 'ಮೈ ತೆಳ್ಳಗಾಗುತ್ತಾ ಬಂದ ಹಾಗೆ ಇನ್ನೇನು ಒಡೆದು ಹೋಗುತ್ತೆ ಅನ್ನಿಸಿ ಲೇತ್ ಆಫ್ ಮಾಡಿಬಿಡುತ್ತೇನೆ ಮಾವ. ಆಮೇಲೆ ಆನ್ ಮಾಡಲು ಕೈಯೇ ಬರುವುದಿಲ್ಲ. ಹನ್ನೊಂದು ಹೂದಾನಿ ಅರ್ಧಕ್ಕೇ ನಿಂತಿವೆ.'

ಹನ್ನೊಂದರಲ್ಲಿ ಒಂದೂ ಒಡೆದಿಲ್ಲ ಅಲ್ವಾ? ಅದೇ ನನ್ನ ನಿದ್ದೆ ಕೆಡಿಸಿದ್ದು. ಎರಡೋ ಮೂರೋ ಒಡೆದಿದ್ದರೆ ನಾನು ಇಷ್ಟು ಯೋಚನೆ ಮಾಡುತ್ತಿರಲಿಲ್ಲ.

ನಿನಗೆ ನೆನಪಿದೆಯೋ ಇಲ್ಲವೋ. ಮಾರಿಕಾಂಬಾ ಜಾತ್ರೆ, ಆಗ ನಿನಗೆ ಐದೋ ಆರೋ. ಬಿಡಕಿಬೈಲಿನ ಹತ್ತಿರ ನನ್ನ ಮಳಿಗೆ. ಲಟ್ಟಣಿಗೆ, ಕಡಗೋಲು, ಬುಗುರಿ ಹರಡಿಕೊಂಡು ಕೂತಿದ್ದೆ. ಅವುಗಳ ಹಿಂದೆ ಒಂದೇ ಒಂದು ಹೂದಾನಿ. ಮಾರಲಿಕ್ಕಲ್ಲ, ತೋರಿಸಲಿಕ್ಕೆ ಇಟ್ಟದ್ದು. ನೀನು ಬತ್ತಾಸಿನ ಅಂಟು ಕೈಯಲ್ಲೇ ಅದನ್ನು ಎತ್ತಿಕೊಂಡೆ. 'ಮುಟ್ಟಡ, ಒಡದು ಹೋಗ್ತು!' ಅಂತ ಕೂಗಿ ನಾನು ಕಿತ್ತುಕೊಂಡೆ. ನೀನು ಅಳಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಜಾತ್ರೆ ಮುಗಿಯುವವರೆಗೂ ಮಳಿಗೆಗೆ ಬಂದಾಗೆಲ್ಲ ಹಾಗೇ ನಿಲ್ಲುತ್ತಿದ್ದೆ. ಎಷ್ಟು ಒಳ್ಳೆಯ ಹುಡುಗಿ ಅಂದುಕೊಂಡಿದ್ದೆ ಆಗ. ಮೊನ್ನೆ ನಿನ್ನ ಪತ್ರದಲ್ಲಿ ಅದೇ ಮಾತು ಓದಿದ ಮೇಲೆ ಆ ಕಟ್ಟಿಕೊಂಡ ಕೈಗಳೇ ಕಣ್ಣ ಮುಂದೆ ಬರುತ್ತಿವೆ.

ಮಗು ಎತ್ತಿದರೆ ಮರದ ಹೂದಾನಿ ಒಡೆಯುತ್ತದಾ? ಅದಂತೂ ಕೆಳಗೆ ಬಿದ್ದಿದ್ದರೂ ಒಡೆಯುತ್ತಿರಲಿಲ್ಲ. ಅಷ್ಟು ದಪ್ಪ ಇತ್ತು. ಯಾಕೆ ದಪ್ಪ ಅಂದರೆ, ನಾನೂ ಅವತ್ತು ನಿನ್ನ ಹಾಗೆ ಲೇತ್ ಆಫ್ ಮಾಡಿಬಿಟ್ಟಿದ್ದೆ.

ನಾನು ಕೆಲಸ ಕಲಿತದ್ದು ಚನ್ನಪಟ್ಟಣದಲ್ಲಿ. ಯಾಕೆ ಹೋದೆ, ಯಾಕೆ ಅಷ್ಟು ಬೇಗ ವಾಪಸ್ ಬಂದೆ ಅನ್ನುವುದನ್ನು ನಿನ್ನ ಆಯಿ ಹೇಳಿರುತ್ತಾಳೆ. ಅಲ್ಲಿ ಆಲೆ ಮರ. ತಿರುಗುವ ಬೊಂಬೆಗೆ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತದೆ. ಮೇಲೆ ತಾಳೆಗರಿ ಹಿಡಿದರೆ ಮುಖ ಕಾಣುವಷ್ಟು ಹೊಳಪು. ಚೆಂದದ ಕೆಲಸ. ಆದರೆ ನಾನು ಅಲ್ಲಿ ಮಾಡಿದ್ದೆಲ್ಲ ಗಟ್ಟಿ ಸಾಮಾನು. ಉಳಿ ಮರದ ಹೊರಗೇ ಓಡಾಡುತ್ತದೆ, ಎಲ್ಲವೂ ಕಣ್ಣೆದುರಿಗೆ. ಒಳಗೆ ಕೊರೆಯುವ ಕೆಲಸವೇ ಬೇರೆ. ಎರಡಂಗುಲದ ಬಾಯೊಳಗೆ ಉಳಿ ಹೋಯಿತೆಂದರೆ ಕಣ್ಣಿಗೆ ರಜೆ. ಕೈ ಏನು ಹೇಳುತ್ತದೆ, ಕಿವಿ ಏನು ಹೇಳುತ್ತದೆ, ಅಷ್ಟೇ. ನಿನ್ನ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ ಅಂತ ನನಗೆ ಗೊತ್ತು.

ಅದರಲ್ಲಿ ಒಂದು ಪಾಲು ಇರಲೇಬೇಕು. ಮುಖಕ್ಕೆ ಶೀಲ್ಡ್ ಇಲ್ಲದೆ ಲೇತ್ ಮುಂದೆ ನಿಲ್ಲಬೇಡ. ತಿರುಗುವಾಗ ಒಳಗೆ ಬೆರಳು ಹಾಕಬೇಡ, ನನ್ನ ಎಡಗೈ ನೋಡಿದ್ದೀಯಲ್ಲ. ಉಳಿದ ಪಾಲಿಗೆ ನಾನು ಏನು ಹೇಳಲಿ?

ನೀನು ಮೊದಲು ಬುಡದವರೆಗೂ ಒರಟಾಗಿ ಕೊರೆದು, ಆಮೇಲೆ ಬಾಯಿಂದ ತೆಳ್ಳಗೆ ಮಾಡುತ್ತಾ ಬರುತ್ತೇನೆ ಅಂತ ಬರೆದಿದ್ದೀಯ. ಎಡವಟ್ಟು ಅಲ್ಲೇ ಇರಬೇಕು. ಕೆಳಗೆಲ್ಲ ಟೊಳ್ಳಾದ ಮೇಲೆ ಬಾಯಿಗೆ ಆಧಾರ ಎಲ್ಲಿ? ಉಳಿ ತಾಗಿದ ಕೂಡಲೇ ಅದು ಅದುರುತ್ತದೆ, ಕಿರ್ರ್ ಅನ್ನುತ್ತದೆ, ನಿನ್ನ ಎದೆ ಢವಗುಟ್ಟುತ್ತದೆ, ಸ್ವಿಚ್ಚಿಗೆ ಕೈ ಹೋಗುತ್ತದೆ. ಬಾಯಿಂದ ಒಂದಂಗುಲವನ್ನು ಪೂರ್ತಿ ತೆಳ್ಳಗೆ ಮುಗಿಸಿಬಿಡು. ಆಮೇಲೆ ಮುಂದಿನ ಅಂಗುಲ. ಕೆಳಗಿನ ಮರ ದಪ್ಪಗೇ ಇರಲಿ, ಮೇಲಿನದನ್ನು ಅದೇ ಹಿಡಿದುಕೊಳ್ಳುತ್ತದೆ. ಮುಗಿಸಿದ ಜಾಗಕ್ಕೆ ಮತ್ತೆ ಉಳಿ ತಗೊಂಡು ಹೋಗಬೇಡ, ಎಷ್ಟೇ ಆಸೆಯಾದರೂ. ಇದನ್ನು ನಾನೇ ಐವತ್ತು ದಾಟಿದ ಮೇಲೆ, ಬೇರೆಯವರು ಮಾಡುವುದನ್ನು ನೋಡಿ ಕಲಿತದ್ದು. ಅಷ್ಟರಲ್ಲಿ ಮಳಿಗೆ ಮುಚ್ಚಿ ಆಗಿತ್ತು. ಹಾಗಾಗಿ ದೊಡ್ಡ ಗುರುವಿನ ಹಾಗೆ ಹೇಳಲು ನಾಚಿಕೆಯಾಗುತ್ತದೆ.

ಬಾಯಿ ಸಣ್ಣದಿದ್ದರೆ ಹೊಟ್ಟು ಒಳಗೇ ತುಂಬಿಕೊಳ್ಳುತ್ತದೆ. ಉಳಿಗೆ ದಾರಿ ಸಿಗದೆ ಕಚ್ಚುತ್ತದೆ, ಅಲ್ಲೇ ಹೂದಾನಿ ಹೋಗುವುದು. ಆಗಾಗ ಲೇತ್ ನಿಲ್ಲಿಸಿ ಹೊಟ್ಟು ಸುರಿ. ಹೇಗೂ ನೀನು ಆಫ್ ಮಾಡುತ್ತೀಯಲ್ಲ! ಬೇಜಾರು ಮಾಡ್ಕೋಬೇಡ, ತಮಾಷೆಗೆ ಅಂದೆ. ಆದರೆ ನೋಡು, ಹೊಟ್ಟು ತೆಗೆಯಲಿಕ್ಕೆ ಅಂತ ಆಫ್ ಮಾಡಿದವರಿಗೆ ಮತ್ತೆ ಆನ್ ಮಾಡಲು ಕಷ್ಟವಾಗುವುದಿಲ್ಲ.

ಐವತ್ತರ ಮೇಲೆ ನಾನು ತೆಳ್ಳಗಿನದು ಮಾಡಿದ್ದು ಮೂರೇ ಮೂರು. ಎಲ್ಲ ಶಿವಣೆ ಮರದ್ದು, ಹಸಿ ಇರುವಾಗಲೇ ಕಡೆದದ್ದು. ಲೇತ್ ನಿಲ್ಲಿಸಿ, ಕೋಣೆ ಕತ್ತಲು ಮಾಡಿ, ಒಳಗೆ ಸಣ್ಣ ಟಾರ್ಚ್ ಬಿಟ್ಟು ನೋಡುವುದು. ದಪ್ಪ ಇದ್ದರೆ ಏನೂ ಕಾಣುವುದಿಲ್ಲ. ಇನ್ನಷ್ಟು ಕೆರೆದರೆ ಮಂದ ಕೆಂಪು. 3 ಮಿಲಿಮೀಟರ್ ಹತ್ತಿರ ಬಂದಾಗ ಇಡೀ ಹೂದಾನಿ ದೀಪಾವಳಿಯ ಆಕಾಶಬುಟ್ಟಿ ಥರ ಹೊತ್ತಿಕೊಳ್ಳುತ್ತದೆ. ಎಲ್ಲಿ ಕಪ್ಪು ಉಳಿದಿದೆಯೋ ಅಲ್ಲಿ ಇನ್ನೂ ಮರ ಇದೆ ಅಂತ ಲೆಕ್ಕ. ಹಲಸಿನಲ್ಲಿ ಇಷ್ಟು ಚೆನ್ನಾಗಿ ಬರುವುದಿಲ್ಲ. ನೀನು ಸ್ವಲ್ಪ ದಿನ ಹಲಸು ಬಿಡು.

ಆ ಮೂರರಲ್ಲಿ ಒಂದು ಒಡೆಯಿತು. ಪಟ್ ಅಂದಿತು, ಒಂದು ಚೂರು ಹಾರಿ ಗೋಂದಿನ ಡಬ್ಬದ ಹಿಂದೆ ಬಿತ್ತು, ಅಷ್ಟೇ. ಮೂವತ್ತು ವರ್ಷ ನಾನು ಹೆದರಿದ್ದು ಆ ಪಟ್‌ಗೆ. ಒಡೆದ ಮೇಲೆ ಚಹಾ ಕುಡಿದೆ.

ಈಗ ಮಾಡೋಣವೆಂದರೆ ಕೈಗೆ ವಯಸ್ಸಿನ ನಡುಕ ಬಂದಿದೆ.

ಆ ಜಾತ್ರೆಯ ಹೂದಾನಿ ಏನಾಯಿತು ಅಂತ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಯುಗಾದಿ ಕಳೆದ ಒಂದು ರಾತ್ರಿ, ಕಪಾಟಿನ ಮೇಲೆ, ಯಾರೂ ಮುಟ್ಟದೆ, ಬುಡದಿಂದ ಹೊಟ್ಟೆಯವರೆಗೆ ಸೀಳಿಕೊಂಡಿತು. ಟಪ್ ಅಂತ ಸದ್ದಾದಾಗ ನಿನ್ನ ಅತ್ತೆ ಹಲ್ಲಿ ಬಿತ್ತು ಅಂದಳು. ಹಸಿ ಮರ ನೋಡು. ತೆಳು ಜಾಗ ಬೇಗ ಒಣಗಿ ಕುಗ್ಗುತ್ತದೆ, ದಪ್ಪ ಜಾಗ ಅದರ ಜೊತೆ ಬರುವುದಿಲ್ಲ. ಆ ಎಳೆದಾಟಕ್ಕೆ ಸೀಳುವುದು. ಮೈಯೆಲ್ಲ ಒಂದೇ ಸಮ ತೆಳ್ಳಗಿದ್ದಿದ್ದರೆ ಸ್ವಲ್ಪ ಸೊಟ್ಟಗಾಗಿ ಸುಮ್ಮನಾಗುತ್ತಿತ್ತು. ಒಡೆದೀತು ಅಂತ ನಾನು ಎಲ್ಲಿ ನಿಲ್ಲಿಸಿದ್ದೆನೋ ಅಲ್ಲೇ ಒಡೆಯಿತು.

ನಿನ್ನ ಹನ್ನೊಂದೂ ಹಾಗೇ ನಿಂತಿವೆ ಅಂದರೆ ಇವತ್ತೇ ಒಂದೊಂದನ್ನೂ ಒಂದಿಷ್ಟು ಹೊಟ್ಟಿನ ಜೊತೆ ಕಾಗದದ ಚೀಲಕ್ಕೆ ಹಾಕಿ ಬಾಯಿ ಮಡಚಿಡು. ನಿಧಾನ ಒಣಗಲಿ. ಬೂಸಲು ಬಂದರೆ ಒರೆಸಿ ಚೀಲ ಬದಲಿಸು. ಮತ್ತೆ ಲೇತಿಗೆ ಹಿಡಿಸಿ ತೆಳ್ಳಗೆ ಮಾಡಲು ಹೋಗಬೇಡ. ಅವು ಈಗಾಗಲೇ ಸೊಟ್ಟಗಾಗಿರುತ್ತವೆ, ಒಂದು ಕಡೆ 2 ಮಿಲಿಮೀಟರ್ ಆದರೆ ಇನ್ನೊಂದು ಕಡೆ 8 ಆಗುತ್ತದೆ. ಹಾಂ, ಉಳಿಗೆ ಎಣ್ಣೆ ಬಟ್ಟೆ ಸುತ್ತಿಡು. ನಿಮ್ಮ ಕಾರವಾರದ ಉಪ್ಪುಗಾಳಿಗೆ ಎರಡು ದಿನ ಸಾಕು ತುಕ್ಕು ಹಿಡಿಯಲು. ಉಳಿ ಮೊಂಡಾದರೆ ಕೈ ತಾನಾಗಿ ಒತ್ತುತ್ತದೆ, ಒತ್ತಿದರೆ ತೆಳು ಮೈ ಬಾಗುತ್ತದೆ.

ಇನ್ನೊಂದು ಕೆಲಸ ಹೇಳಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಹನ್ನೊಂದರಲ್ಲಿ ಒಂದನ್ನು ಗರಗಸ ಹಾಕಿ ಬಾಯಿಂದ ಬುಡಕ್ಕೆ ಉದ್ದುದ್ದ ಸೀಳಿ ನೋಡು. ನಿನಗೆ ಹೇಳುವ ಮೊದಲು ನಾನು ಮಾಡಬೇಕಲ್ಲ. ನಿನ್ನೆ ಮಧ್ಯಾಹ್ನ ಆ ಜಾತ್ರೆಯ ಹೂದಾನಿಯನ್ನು ಅಟ್ಟದಿಂದ ಇಳಿಸಿ ಸೀಳಿದೆ. ಇಷ್ಟು ವರ್ಷ 5 ಮಿಲಿಮೀಟರ್‌ವರೆಗೆ ತಂದಿದ್ದೆ ಅಂತ ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದೆ. ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದೆ. ಬಾಯಲ್ಲಿ 5. ಹೊಟ್ಟೆಯಲ್ಲಿ 12. ಬುಡದಲ್ಲಿ 31.

ನಾಡಿದ್ದು ಬೆಳಗಿನ ಕಾರವಾರ ಬಸ್ಸಿನ ಕಂಡಕ್ಟರ್ ಹತ್ತಿರ ಒಂದು ಚೀಲ ಕೊಟ್ಟು ಕಳಿಸುತ್ತೇನೆ. ಹಿತ್ತಿಲ ಶಿವಣೆಯ ದಪ್ಪ ಕೊಂಬೆ ಗಾಳಿಗೆ ಮುರಿದು ಬಿದ್ದಿತ್ತು. ತಿರುಳು ಬಿಟ್ಟು ಸೀಳಿ, ತುದಿಗಳಿಗೆ ಮೇಣ ಬಳಿದು ನಾಲ್ಕು ತುಂಡು ಇಟ್ಟಿದ್ದೇನೆ. ಅದರಲ್ಲಿ ಎರಡು ಒಡೆಯಲಿಕ್ಕೆ ಅಂತಲೇ. ಒಡೆದರೆ ಚೂರು ಬಿಸಾಡಬೇಡ. ಒಡೆದ ಜಾಗದಲ್ಲಿ ಎಷ್ಟು ಮಿಲಿಮೀಟರ್ ಇತ್ತು ಅಂತ ಅಳೆದು ನನಗೆ ಬರೆ.

ಚೀಲದಲ್ಲಿ ನನ್ನ ಹೂದಾನಿಯ ಅರ್ಧವೂ ಇದೆ. ಇನ್ನರ್ಧ ನಿನ್ನ ಅತ್ತೆ ಕೊಡುವುದಿಲ್ಲವಂತೆ, ಅಡ್ಡ ಮಲಗಿಸಿ ಸೂಜಿ ದಾರ ಇಟ್ಟುಕೊಂಡಿದ್ದಾಳೆ.

ಇಂತಿ ನಿನ್ನ
ಮಾವ