ಅಂಗಳದ ‘ಪಾತಾಳಭೈರವಿ’ಗೆ ಕೈಜೋಡಿಸಿದವರಿಗೆ

ನಮ್ಮ ತಂದೆಯವರ ಸಹಸ್ರಚಂದ್ರದರ್ಶನದ ಶಾಂತಿ ಸಾಂಗವಾಗಿ ಮುಗಿದು ಎರಡು ವಾರಗಳಾದವು. ಬಂದು ಹರಸಿದ ಬಂಧುಮಿತ್ರರಿಗೆ ಅಂದೇ ಕೈಮುಗಿದಿದ್ದೇನೆ. ಆದರೆ ಅಂದು ಸಂಜೆ ನಮ್ಮ ಮನೆಯ ಅಂಗಳದಲ್ಲಿ ತೆಲುಗಿನ ‘ಪಾತಾಳಭೈರವಿ’ ಚಿತ್ರವನ್ನು ಕನ್ನಡದ ಸಬ್‌ಟೈಟಲ್‌ಗಳೊಂದಿಗೆ ತೋರಿಸಲು ಯಾರು ಯಾರು ದುಡಿದರೆಂಬುದನ್ನು ಆ ಗದ್ದಲದಲ್ಲಿ ಹೇಳಲಾಗಲಿಲ್ಲ. ಅವರ ಋಣವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಪಾವಗಡ ತಾಲ್ಲೂಕು. ಇಲ್ಲಿಯ ಎಷ್ಟೋ ಮನೆಗಳಂತೆ ನಮ್ಮಲ್ಲೂ ಆಡುವ ಮಾತು ತೆಲುಗು, ಓದುಬರಹವೆಲ್ಲ ಕನ್ನಡ. ನಾವು ‘ನಾಯನ’ ಎಂದು ಕರೆಯುವ ನಮ್ಮ ತಂದೆಯವರಿಗೆ ತೆಲುಗಿನ ಒಂದಕ್ಷರವೂ ಓದಲು ಬಾರದು. ಕಿವಿ ಚೆನ್ನಾಗಿರುವವರೆಗೆ ಇದೊಂದು ಕೊರತೆಯೆಂದು ಯಾರಿಗೂ ಅನ್ನಿಸಿರಲಿಲ್ಲ. ನಾಲ್ಕು ವರ್ಷಗಳ ಹಿಂದೆ ಎರಡೂ ಕಿವಿಗಳು ಮಂದವಾದವು. ಶ್ರವಣಯಂತ್ರ ಹಾಕಿದರೆ ಸದ್ದು ದೊಡ್ಡದಾಗುತ್ತದೆಯೇ ಹೊರತು ಮಾತು ಬಿಡಿಬಿಡಿಯಾಗಿ ಕೇಳಿಸಬೇಕೆಂದಿಲ್ಲ ಎಂದು ಮೊದಲೇ ತಿಳಿಸಿ, ನಮಗೆ ಸುಳ್ಳು ಆಸೆ ಹುಟ್ಟಿಸದೆ ನಡೆಸಿಕೊಂಡ ವೈದ್ಯರಿಗೆ ನಾನು ಮೊದಲು ವಂದಿಸುತ್ತೇನೆ. ಹರೆಯದಲ್ಲಿ ಹನ್ನೊಂದು ವರ್ಷ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದು, ರೀಲು ಕಡಿದರೆ ಕತ್ತಲೆಯಲ್ಲೇ ಅಂಟಿಸಿ ಮತ್ತೆ ಓಡಿಸುತ್ತಿದ್ದ ಮನುಷ್ಯ ಟಿವಿಯ ಮುಂದೆ ತುಟಿಗಳನ್ನಷ್ಟೇ ನೋಡುತ್ತ ಕುಳಿತಿರುವುದನ್ನು ಕಂಡಾಗಲೆಲ್ಲ ನನಗೆ ಕರುಳು ಹಿಂಡಿದಂತಾಗುತ್ತಿತ್ತು.

ಅವರ ಮನಸ್ಸಿನಲ್ಲಿ ಎಲ್ಲಕ್ಕಿಂತ ಮೇಲಿರುವ ಚಿತ್ರ ‘ಪಾತಾಳಭೈರವಿ’. 1951ರ ಮಾರ್ಚ್ 15ರಂದು ತೆಲುಗಿನಲ್ಲಿ ತೆರೆಕಂಡು, ತಮಿಳಿನಲ್ಲೂ ಅದೇ ವರ್ಷ ಬಂದ ಈ ಚಿತ್ರದ ಮೂಲ, ಕಾಶಿಯಾತ್ರೆಯ ದಾರಿಯಲ್ಲಿ ಮಜಲು ಮಜಲಿಗೆ ಹೇಳುವ ಕಥೆಗಳ ತೆಲುಗು ಸಂಗ್ರಹದಲ್ಲಿದೆ. ಉಜ್ಜಯಿನಿಯ ತೋಟದವನ ಮಗ ರಾಮುಡು ರಾಜಕುಮಾರಿಯನ್ನು ಬಯಸುತ್ತಾನೆ. ಅವನನ್ನೇ ದೇವಿಗೆ ಬಲಿಕೊಡಲು ನೇಪಾಳದ ಮಾಂತ್ರಿಕನೊಬ್ಬ ಹೊಂಚುಹಾಕುತ್ತಾನೆ. ಅಜ್ಜಿ ಕಥೆಯ ಈ ಎಳೆಗೆ ಎನ್.ಟಿ. ರಾಮರಾವ್, ಎಸ್.ವಿ. ರಂಗರಾವ್ ಜೀವ ತುಂಬಿದರು. ಮಾರ್ಕಸ್ ಬಾರ್ಟ್ಲಿಯವರ ಕ್ಯಾಮೆರಾ, ಘಂಟಸಾಲರ ಸಂಗೀತ ಅದನ್ನು ಬೇರೊಂದು ಲೋಕವಾಗಿಸಿದವು. ನಿರ್ದೇಶಕ ಕೆ.ವಿ. ರೆಡ್ಡಿಯವರು ತಾಡಿಪತ್ರಿಯ ಕಡೆಯವರು, ಅಂದರೆ ನಮ್ಮ ನೆರೆಯ ಅನಂತಪುರ ಸೀಮೆಯವರು ಎಂಬುದು ನಾಯನರ ದೊಡ್ಡ ಅಭಿಮಾನ. ಇನ್ನೊಂದು ನಂಟೂ ಇದೆ. ಚಿತ್ರವನ್ನು ನಿರ್ಮಿಸಿದ ನಾಗಿರೆಡ್ಡಿ ಮತ್ತು ಚಕ್ರಪಾಣಿಯವರೇ ‘ಚಂದಮಾಮ’ದ ಸ್ಥಾಪಕರು. ನಾಯನ ತಡೆಯಿಲ್ಲದೆ ಕನ್ನಡ ಓದಲು ಕಲಿತದ್ದು ಆ ‘ಚಂದಮಾಮ’ದ ಕನ್ನಡ ಸಂಚಿಕೆಗಳಿಂದ. ಆ ಓದೇ ಈಗ ಅವರಿಗೆ ಕಿವಿಯಾಗಬಹುದಲ್ಲ ಎಂದು ಹೊಳೆದ ದಿನವೇ ಕೆಲಸಕ್ಕೆ ಕೈಹಾಕಿದೆ.

ಮೂರು ಗಂಟೆಗೂ ಮೀರಿದ ಚಿತ್ರದ ಪ್ರತಿಯೊಂದು ಮಾತನ್ನೂ ಕೇಳಿ ಬರೆದುಕೊಟ್ಟವರು ಹಿಂದೂಪುರದ ನಿವೃತ್ತ ತೆಲುಗು ಮೇಷ್ಟರು. ಎಪ್ಪತ್ತರ ವಯಸ್ಸಿನಲ್ಲಿ, ಬಿಸಿಲಿನಲ್ಲಿ ಬಸ್ಸು ಹತ್ತಿ, ಆರು ಭಾನುವಾರ ನಮ್ಮ ಮನೆಗೆ ಬಂದರು. ಪಿಂಗಳಿ ನಾಗೇಂದ್ರರಾವ್ ಅವರ ಸಂಭಾಷಣೆಯನ್ನು ಬರಿಯ ಅರ್ಥಕ್ಕೆ ಇಳಿಸಕೂಡದೆಂಬುದು ಅವರ ಹಟ. ಮಾಂತ್ರಿಕನ ಬಾಯಿಯ ‘ಡಿಂಭಕಾ’ ಎಂಬುದನ್ನು ನಾನು ‘ಮಗುವೇ’ ಎಂದು ಬರೆದಾಗ ಮೇಷ್ಟರು ಹೊಡೆದುಹಾಕಿ, ಆ ಪದವನ್ನು ಹಾಗೆಯೇ ಇಡಿಸಿದರು. ಅದು ಸರಿಯಾದ ತೀರ್ಮಾನ. ದೇವಿ ಪ್ರತ್ಯಕ್ಷಳಾಗಿ ‘ನರುಡಾ’ ಎಂದು ಕರೆಯುವಲ್ಲಿ ನಮ್ಮ ಒಂದು ಸಂಜೆಯೇ ಕಳೆಯಿತು. ‘ಮನುಷ್ಯನೇ’ ಎಂದರೆ ಸಪ್ಪೆ, ‘ಮಾನವಾ’ ಎಂದರೆ ಭಾಷಣದ ಧಾಟಿ. ಕಡ್ಲೆಕಾಯಿ ಸುಲಿಯುತ್ತ ಕುಳಿತಿದ್ದ ಅಮ್ಮ ತಲೆಯೆತ್ತದೆ, ‘ಬಯಲಾಟದಲ್ಲಿ ಎಲೈ ನರನೇ ಅನ್ನೋದಿಲ್ವಾ?’ ಎಂದಳು. ಮೇಷ್ಟರು ಪೆನ್ನು ಕೆಳಗಿಟ್ಟು ಅವಳಿಗೆ ನಮಸ್ಕರಿಸಿದರು.

ನಮ್ಮ ಬಳಿಯಿದ್ದ ಡಿಸ್ಕಿನಲ್ಲಿ ಅಲ್ಲಲ್ಲಿ ಧ್ವನಿ ಕರಕರ ಎನ್ನುತ್ತಿತ್ತು. ಅಂಥ ಕಡೆಗಳಲ್ಲಿ ನೆರವಾದವರು ಚೆನ್ನೈನಲ್ಲಿರುವ ನನ್ನ ಹಳೆಯ ಸಹೋದ್ಯೋಗಿ. ತಂಜೈ ರಾಮಯ್ಯದಾಸ್ ಅವರ ಮಾತುಗಳುಳ್ಳ ತಮಿಳು ಅವತರಣಿಕೆಯಲ್ಲಿ ಅದೇ ದೃಶ್ಯಗಳನ್ನು ಹುಡುಕಿ, ಅಲ್ಲಿ ಏನು ಹೇಳುತ್ತಾರೆಂಬುದನ್ನು ರಾತ್ರಿ ಪಾಳಿ ಮುಗಿಸಿ ಬಂದ ಮೇಲೆ ಫೋನಿನಲ್ಲಿ ವಿವರಿಸುತ್ತಿದ್ದರು. ನಮ್ಮ ತಂದೆಯವರನ್ನು ಅವರು ಒಮ್ಮೆಯೂ ಕಂಡವರಲ್ಲ.

ಮಾತಿಗೂ ಅಕ್ಷರಕ್ಕೂ ಕಾಲ ಹೊಂದಿಸುವ ಕೆಲಸವನ್ನು ಪೂರ್ತಿಯಾಗಿ ಹೊತ್ತವಳು ಎದುರುಮನೆಯ, ದ್ವಿತೀಯ ಪಿಯುಸಿ ಓದುತ್ತಿರುವ ಹುಡುಗಿ. ತಾತ ಓದಿ ಮುಗಿಸುವ ಮೊದಲೇ ಸಾಲು ಮಾಯವಾಗಬಾರದೆಂದು, ಅವರು ದಿನಪತ್ರಿಕೆ ಓದುವಾಗ ಪಕ್ಕದಲ್ಲಿ ಕುಳಿತು ಒಂದು ಸಾಲಿಗೆ ಎಷ್ಟು ಸೆಕೆಂಡು ಬೇಕಾಗುತ್ತದೆಂದು ಗುಟ್ಟಾಗಿ ಎಣಿಸಿದ್ದಳು. ಅವಳ ತಂದೆತಾಯಿಗೂ, ಬಾಡಿಗೆ ಮುಟ್ಟದೆ ಪ್ರೊಜೆಕ್ಟರ್ ಮತ್ತು ಬಿಳಿ ಪರದೆ ಒದಗಿಸಿದ ಶಾಮಿಯಾನದ ಅಂಗಡಿಯವರಿಗೂ ನನ್ನ ನಮಸ್ಕಾರಗಳು.

ಅಂದು ಸಂಜೆ ನಾಯನ ಕುರ್ಚಿ ಬೇಡವೆಂದು ಚಾಪೆಯ ಮೇಲೆ ಕುಳಿತರು. ಗುಹೆಯ ದೃಶ್ಯ ಬಂತು. ಸಾಷ್ಟಾಂಗ ನಮಸ್ಕಾರ ಮಾಡುವುದು ಹೇಗೆಂದು ತೋರಿಸಿಕೊಡಿ ಎಂದು ರಾಮುಡು ಕೇಳುತ್ತಾನೆ, ಮಾಂತ್ರಿಕ ತಾನೇ ಬಾಗುತ್ತಾನೆ. ಆ ಸಾಲುಗಳನ್ನು ನಾಯನ ಗಟ್ಟಿಯಾಗಿ ಓದತೊಡಗಿದರು, ಕನ್ನಡದ ಅಕ್ಷರಗಳನ್ನು ನೋಡುತ್ತ ತೆಲುಗಿನಲ್ಲಿ. ಅಂಗಳದಲ್ಲಿದ್ದ ಮಕ್ಕಳೆಲ್ಲ ಪರದೆ ಬಿಟ್ಟು ಅವರ ಮುಖ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಅವರು ಎದುರುಮನೆಯ ಹುಡುಗಿಯನ್ನು ಕರೆಸಿದರು. ಇಂಟರ್‌ವಲ್ ಆದ ಮೇಲೆ ಒಂದು ಕಡೆ ಅಕ್ಷರ ತುಟಿಗಿಂತ ಹಿಂದೆ ಬೀಳುತ್ತಿದೆ, ಸರಿಮಾಡಬೇಕು ಎಂದು ಹೇಳಿ, ಯಾವ ದೃಶ್ಯವೆಂದು ಕೈಸನ್ನೆಯಿಂದ ತೋರಿಸಿದರು. ನಮ್ಮಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ಅವಳು ಅಂದೇ ತಿದ್ದಿದ್ದಾಳೆ. ಬರುವ ಭಾನುವಾರ ಮತ್ತೊಮ್ಮೆ ಹಾಕಬೇಕೆಂದು ನಾಯನ ಹೇಳಿದ್ದಾರೆ. ಮೇಷ್ಟರೂ ಬರುತ್ತೇನೆಂದಿದ್ದಾರೆ.