ಎಣಿಸಿದ್ದು ಪ್ರಕರಣವನ್ನೋ, ಆರೋಪಿಯನ್ನೋ?

ಮಾನ್ಯ ಸಂಪಾದಕರೇ,

ನಮ್ಮ ಕ್ರಿಮಿನಲ್ ನ್ಯಾಯಾಲಯಗಳ ವಿಳಂಬದ ಮಾತು ಬಂದಾಗಲೆಲ್ಲ ಅಮೆರಿಕದ ಫೆಡರಲ್ (ಅಂದರೆ ರಾಜ್ಯಗಳದ್ದಲ್ಲದ, ಕೇಂದ್ರದ) ವಿಚಾರಣಾ ನ್ಯಾಯಾಲಯಗಳ ಅಂಕಿಅಂಶಗಳನ್ನು ಎದುರಿಗಿಟ್ಟು ನಮ್ಮವರನ್ನು ಹಳಿಯುವುದು ವಾಡಿಕೆಯಾಗಿದೆ. ಬೆಂಗಳೂರಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ರಿಜಿಸ್ಟರ್ ಬರೆದ ನನಗೆ ಈ ಹೋಲಿಕೆ ಬುಡದಲ್ಲೇ ತಪ್ಪುತ್ತಿದೆ ಎನಿಸುತ್ತದೆ.

ಅಮೆರಿಕದ ಆ ನ್ಯಾಯಾಲಯಗಳ ವಾರ್ಷಿಕ ಕೋಷ್ಟಕಗಳಲ್ಲಿ ಪ್ರಕರಣಗಳ ಲೆಕ್ಕ ಬೇರೆ, ಆರೋಪಿಗಳ ಲೆಕ್ಕ ಬೇರೆ. 2022ರ ಹಣಕಾಸು ವರ್ಷದಲ್ಲಿ ಇತ್ಯರ್ಥವಾದದ್ದು 71,954 ಎಂಬ ಸಂಖ್ಯೆ ಆರೋಪಿಗಳದ್ದು, ಪ್ರಕರಣಗಳದ್ದಲ್ಲ. ಅವರಲ್ಲಿ ಶೇ 89.5ರಷ್ಟು ಮಂದಿ ತಪ್ಪೊಪ್ಪಿಕೊಂಡರು, ಶೇ 8.2ರಷ್ಟು ಮಂದಿಯ ಮೇಲಿನ ಆರೋಪಗಳು ವಜಾ ಆದವು. ವಿಚಾರಣೆ ಎದುರಿಸಿ ಶಿಕ್ಷೆಗೊಳಗಾದವರು 1,379 ಮಂದಿ, ಖುಲಾಸೆಯಾದವರು ಬರೀ 290. ಸಾಕ್ಷಿ, ಪಾಟೀಸವಾಲು, ವಾದ ಎಂದೆಲ್ಲ ನಡೆದದ್ದು ನೂರಕ್ಕೆ ಎರಡು ಚಿಲ್ಲರೆ ಆರೋಪಿಗಳ ಮಟ್ಟಿಗೆ ಮಾತ್ರ. ನಮ್ಮಲ್ಲೂ 2006ರಿಂದ ಚೌಕಾಸಿ ತಪ್ಪೊಪ್ಪಿಗೆಗೆ (ಕಡಿಮೆ ಶಿಕ್ಷೆಯ ಒಪ್ಪಂದದ ಮೇಲೆ ತಪ್ಪೊಪ್ಪಿಕೊಳ್ಳುವುದಕ್ಕೆ) ಕಾನೂನಿನಲ್ಲಿ ಅವಕಾಶವಿದ್ದರೂ ಅದನ್ನು ಬಳಸಿಕೊಳ್ಳುವವರು ವಿರಳ.

ಇನ್ನು ನಮ್ಮ ಎಣಿಕೆ. ಐವರು ಆರೋಪಿಗಳ ಒಂದು ಹೊಡೆದಾಟದ ಕೇಸು ಎಂದುಕೊಳ್ಳಿ. ಮೂರನೆಯವನು ವಿಳಾಸ ಬಿಟ್ಟು ಹೋಗಿರುತ್ತಾನೆ. ವಾರಂಟ್ ಪ್ರತಿ ವಾಯಿದೆಗೂ 'ಆಸಾಮಿ ಪತ್ತೆಯಿಲ್ಲ' ಎಂಬ ಷರಾ ಹೊತ್ತು ಹಿಂದಿರುಗುತ್ತದೆ. ಕಡೆಗೆ ಉಳಿದ ನಾಲ್ವರ ವಿಚಾರಣೆ ನಿಲ್ಲಬಾರದೆಂದು ಅವನ ಕೇಸನ್ನು ಸ್ಪ್ಲಿಟ್ ಮಾಡಿ, ಅಂದರೆ ಬೇರ್ಪಡಿಸಿ, ಹೊಸ ಸಿ.ಸಿ. ನಂಬರ್ (ಕೇಸಿನ ನೋಂದಣಿ ಸಂಖ್ಯೆ) ಕೊಡುತ್ತಾರೆ. ಹೊಡೆದಾಟ ಒಂದೇ, ರಿಜಿಸ್ಟರಿನಲ್ಲಿ ಕೇಸು ಎರಡು. ನಾಲ್ವರದ್ದು ತೀರ್ಪಾದ ಮೇಲೂ ಬಾಕಿ ಪಟ್ಟಿಯಲ್ಲಿ ಆ ಎರಡನೆಯದು ಕೂತೇ ಇರುತ್ತದೆ. ಅಮೆರಿಕದಲ್ಲಾದರೋ ಎಲ್ಲ ಆರೋಪಿಗಳೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ತಲೆಮರೆಸಿಕೊಂಡಿರುವ ಪ್ರಕರಣಗಳನ್ನು ಬಾಕಿ ಲೆಕ್ಕದಿಂದಲೇ ಬಿಡುತ್ತಾರೆ. (ಈ ಒಂದು ನಿಯಮ ನಮಗಿದ್ದಿದ್ದರೆ ನನ್ನ ತಿಂಗಳ ವರದಿಗಳು ಎಷ್ಟು ಹಗುರಾಗುತ್ತಿದ್ದವೋ!)

ಚೆಕ್ ಬೌನ್ಸ್ ಕೇಸುಗಳದ್ದು ಮತ್ತೊಂದು ಕಥೆ. 1988ರ ತಿದ್ದುಪಡಿಯ ಬಳಿಕ ಇವೂ ಕ್ರಿಮಿನಲ್ ಪ್ರಕರಣಗಳೇ. ದೂರುದಾರನಿಗೆ ಬೇಕಾದದ್ದು ತನ್ನ ದುಡ್ಡು, ಜೈಲುಶಿಕ್ಷೆಯಲ್ಲ. ಆದರೂ ಕೊಲೆ, ದರೋಡೆಗಳ ಜೊತೆಗೇ ಇವೂ ಕ್ರಿಮಿನಲ್ ಬಾಕಿಯ ಮೊತ್ತಕ್ಕೆ ಸೇರುತ್ತವೆ. ಫೆಡರಲ್ ನ್ಯಾಯಾಲಯಗಳ ಮುಂದೆ ಬರುವುದು ಬಹುಪಾಲು ವಲಸೆ, ಮಾದಕ ವಸ್ತು, ಬಂದೂಕು, ವಂಚನೆಯ ಪ್ರಕರಣಗಳು. ದಿನನಿತ್ಯದ ಕಳ್ಳತನ, ಹೊಡೆದಾಟಗಳನ್ನು ಅಲ್ಲಿನ ರಾಜ್ಯ ನ್ಯಾಯಾಲಯಗಳು ನೋಡಿಕೊಳ್ಳುವುದರಿಂದ ಅವು ಈ ಅಂಕಿಗಳಲ್ಲಿ ಕಾಣುವುದೇ ಇಲ್ಲ.

ವಿಳಂಬವನ್ನು ನಾನು ಸಮರ್ಥಿಸುತ್ತಿಲ್ಲ. ರಾತ್ರಿ ಬಸ್ಸಿನಲ್ಲಿ ಬಂದ ಸಾಕ್ಷಿ ಸಂಜೆವರೆಗೆ ಕಾರಿಡಾರಿನಲ್ಲಿ ಕಾದು, ಮುಂದಿನ ವಾಯಿದೆಯ ತಾರೀಖನ್ನು ಚೀಟಿಯಲ್ಲಿ ಬರೆಸಿಕೊಂಡು ಹೋಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ನನ್ನ ಕೋರಿಕೆ ಇಷ್ಟೇ: ಬಾಕಿ ಪ್ರಕರಣಗಳ ಅಂಕಿಯನ್ನು ಪ್ರಕಟಿಸುವಾಗ ಅದು ಪ್ರಕರಣಗಳದ್ದೋ ಆರೋಪಿಗಳದ್ದೋ, ಅದರಲ್ಲಿ ಸ್ಪ್ಲಿಟ್ ಆದ ಕೇಸುಗಳೆಷ್ಟು, ಚೆಕ್ ಕೇಸುಗಳೆಷ್ಟು ಎಂಬುದನ್ನು ತಮ್ಮ ವರದಿಗಾರರು ವಿಚಾರಿಸಿ ಪಕ್ಕದಲ್ಲೇ ನಮೂದಿಸಲಿ.

– ನಿವೃತ್ತ ಶಿರಸ್ತೇದಾರ್, ಬಸವನಗುಡಿ, ಬೆಂಗಳೂರು