ಗಾಮಾ ಕಿರಣಕ್ಕೂ ಮುನ್ನ ಗೆಡ್ಡೆಯ ಗಾಯ ಮಾಗಲಿ

ಮಾನ್ಯ ಸಂಪಾದಕರೇ,

ಮೊಳೆಯದಂತೆ ಆಲೂಗೆಡ್ಡೆಗೆ ಗಾಮಾ ಕಿರಣ ಹಾಯಿಸುವ ಮಾತು ಬಂದಾಗಲೆಲ್ಲ ಚರ್ಚೆ ‘ತಿಂದವರಿಗೆ ವಿಕಿರಣ ತಗಲುತ್ತದೆಯೇ’ ಎಂಬಲ್ಲಿಗೇ ನಿಂತುಬಿಡುತ್ತದೆ. ತಗಲುವುದಿಲ್ಲ. ಈ ಕಿರಣಗಳ ಮೂಲವಾದ ಕೋಬಾಲ್ಟ್-60 ಹೊಮ್ಮಿಸುವ ಕಿರಣಗಳ ಶಕ್ತಿ 1.17 ಮತ್ತು 1.33 ಎಂಇವಿ (ಮೆಗಾ ಎಲೆಕ್ಟ್ರಾನ್ ವೋಲ್ಟ್), ಗೆಡ್ಡೆಯನ್ನು ವಿಕಿರಣಶೀಲ ಮಾಡಲು ಅಷ್ಟು ಸಾಲದು. ಕೇಳಬೇಕಾದದ್ದು, ಒಳಗಿನ ಪಿಷ್ಟ, ಸಕ್ಕರೆ, ಸಿಪ್ಪೆ ಏನಾಗುತ್ತವೆ ಎಂಬುದನ್ನು.

ಮೊಳಕೆ ತಡೆಯಲು 60ರಿಂದ 150 ಗ್ರೇ (ಹೀರಿಕೊಂಡ ಕಿರಣದ ಅಳತೆ) ಸಾಕು. (ಅಮೆರಿಕಕ್ಕೆ ಹೋಗುವ ಮಾವಿಗೆ ಕನಿಷ್ಠ 400 ಕೊಡುತ್ತಾರೆ, ಅದರ ಬಗ್ಗೆ ಯಾರೂ ಗಾಬರಿಯಾಗಿಲ್ಲ.) ಇಷ್ಟಕ್ಕೇ ಗೆಡ್ಡೆಯ ಕಣ್ಣುಗಳಲ್ಲಿ (ಮೊಳಕೆ ಬರುವ ಜಾಗಗಳಲ್ಲಿ) ಕೋಶವಿಭಜನೆ ನಿಲ್ಲುತ್ತದೆ. ಗೆಡ್ಡೆ ಮಾತ್ರ ಜೀವಂತ: ಕಿರಣ ತಾಗಿದೊಡನೆ ಅದರ ಉಸಿರಾಟ ಏರಿ, ಸಕ್ಕರೆಯ ಅಂಶ ಹೆಚ್ಚುತ್ತದೆ, ಕ್ರಮೇಣ ಇಳಿಯುತ್ತದೆ. ವಿಟಮಿನ್ ಸಿ ಸ್ವಲ್ಪ ಕುಗ್ಗುತ್ತದೆ; ತಿಂಗಳುಗಟ್ಟಲೆ ಇಟ್ಟ ಸಾಮಾನ್ಯ ಗೆಡ್ಡೆಯಲ್ಲೂ ಅದು ಕುಗ್ಗುವುದರಿಂದ ಕೊನೆಗೆ ಹೆಚ್ಚಿನ ಅಂತರ ಉಳಿಯುವುದಿಲ್ಲ.

ನಿಜವಾದ ಲಾಭ ಉಷ್ಣಾಂಶದ್ದು. 2–4 ಡಿಗ್ರಿಯ ಶೀತಲಗೃಹದಲ್ಲಿ ಗೆಡ್ಡೆಯೊಳಗೆ ಗ್ಲೂಕೋಸ್, ಫ್ರಕ್ಟೋಸ್ ಎಂಬ ಸಕ್ಕರೆಗಳು ತುಂಬಿಕೊಳ್ಳುತ್ತವೆ. ಕರಿದಾಗ ಅವು ಗೆಡ್ಡೆಯಲ್ಲಿರುವ ಆಸ್ಪರಾಜಿನ್ ಎಂಬ ಅಮೈನೊ ಆಮ್ಲದ ಜತೆ ಸೇರಿ ಚಿಪ್ಸ್ ಕಪ್ಪಾಗುತ್ತದೆ, ಹಾನಿಕರವೆನ್ನಲಾದ ಅಕ್ರಿಲಮೈಡ್ ಹೆಚ್ಚುತ್ತದೆ. ಕಿರಣ ಹಾಯಿಸಿದ ಗೆಡ್ಡೆಯನ್ನು ಮೊಳಕೆಯ ಭಯವಿಲ್ಲದೆ 14–15 ಡಿಗ್ರಿಯಲ್ಲಿಡಬಹುದು. ಅದನ್ನೇ ಮತ್ತೆ 4 ಡಿಗ್ರಿಗೆ ತುಂಬಿದರೆ ಮಾಡಿದ ಖರ್ಚು ದಂಡ. 30 ಡಿಗ್ರಿಯ ಗೋದಾಮಿನಲ್ಲಿ ಸುರಿದರೆ ಕೊಳೆತ ಖಚಿತ.

ಎಡವುವುದು ಹೆಚ್ಚಾಗಿ ಗಾಯ ಮಾಗಿಸುವ ವಿಷಯದಲ್ಲೇ. ಕೀಳುವಾಗ ತರಚಿದ ಜಾಗದಲ್ಲಿ ಗೆಡ್ಡೆ ಸುಬೆರಿನ್ ಎಂಬ ಮೇಣದಂಥ ವಸ್ತುವಿನ ಪದರ ಕಟ್ಟಿ ಹೊಸ ಸಿಪ್ಪೆ ಬೆಳೆಸಿಕೊಳ್ಳುತ್ತದೆ. ಅದಕ್ಕೂ ಕೋಶವಿಭಜನೆ ಬೇಕು. ಕಿರಣ ಬಿದ್ದ ಮೇಲೆ ಗಾಯ ಮಾಯುವುದಿಲ್ಲ, ಬ್ಯಾಕ್ಟೀರಿಯಾ ನುಗ್ಗುತ್ತದೆ. ಹಾಸನದ ಮುಂಗಾರು ಬೆಳೆ ಮಳೆಯಲ್ಲೇ ಕೀಳುವಂಥದ್ದು, ಸಿಪ್ಪೆಯೂ ಎಳಸು. ಗಿಡ ಕತ್ತರಿಸಿ 10–15 ದಿನ ಮಣ್ಣಲ್ಲೇ ಬಿಟ್ಟು ಕೀಳಬೇಕು. ಬಳಿಕ ಸುಮಾರು 15 ಡಿಗ್ರಿಯಲ್ಲಿ, ಗಾಳಿಯಾಡುವ ಆದರೆ ತೇವ ಆರದ ಜಾಗದಲ್ಲಿ ಎರಡು ವಾರ ಗಾಯ ಮಾಗಿಸಿ, ಸುಪ್ತಾವಸ್ಥೆ (ಗೆಡ್ಡೆ ತಾನಾಗಿ ಮೊಳೆಯದಿರುವ ಅವಧಿ) ಮುಗಿಯುವ ಮೊದಲೇ ಕಿರಣ ಹಾಯಿಸುವ ಘಟಕಕ್ಕೆ ಕಳಿಸಬೇಕು. ಹೊಲದಿಂದ ನೇರ ಒಯ್ಯುವುದು ಬೇಡ. ಪೆಟ್ಟಿಗೆಗಳನ್ನು ದಪ್ಪಕ್ಕೆ ಪೇರಿಸಿದರೆ ಅಂಚಿನವಕ್ಕೆ ಹೆಚ್ಚು, ನಡುವಿನವಕ್ಕೆ ಕಡಿಮೆ ಕಿರಣ ಸಿಗುತ್ತದೆ. ಹೆಚ್ಚು ಕಿರಣ ಬಿದ್ದದ್ದು ಬೇಯಿಸಿದಾಗ ಕಪ್ಪಾಗಬಹುದು, ಕಡಿಮೆಯಾದದ್ದು ಮೊಳೆಯುತ್ತದೆ. ಪ್ರತಿ ಲಾಟಿನಲ್ಲೂ ಡೋಸಿಮೀಟರ್ (ಕಿರಣದ ಪ್ರಮಾಣ ಅಳೆಯುವ ಸಾಧನ) ಅಂಚಿನಲ್ಲಿ, ನಡುವಿನಲ್ಲಿ ಎರಡೂ ಕಡೆ ಇರಲಿ.

ಕೊನೆಯದಾಗಿ, ಕಿರಣ ಹಾಯಿಸಿದ ಗೆಡ್ಡೆ ಬಿತ್ತನೆಗೆ ಬಾರದು, ಕಣ್ಣಿಗೆ ವ್ಯತ್ಯಾಸವೂ ಕಾಣದು. ಹಾಸನಕ್ಕೆ ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಗೆಡ್ಡೆ ಬರುವ ದಿನಗಳಲ್ಲಿ ಇದು ಬೆರೆತರೆ ಹೊಲ ಖಾಲಿ. ಚೀಲದ ಮೇಲಿನ ಗುರುತಿನ ಚೀಟಿ ಬಿಡಿ ಮಾರಾಟದಲ್ಲಿ ಕಳೆದುಹೋಗುತ್ತದೆ. ಆದ್ದರಿಂದ ಇಂಥ ಸರಕಿಗೆ ಬೇರೆಯೇ ಬಣ್ಣದ ಚೀಲ ಕಡ್ಡಾಯವಾಗಲಿ.

– ಕೊಯ್ಲೋತ್ತರ ತಂತ್ರಜ್ಞಾನ ಬಲ್ಲ ಓದುಗರು, ಹಾಸನ